ತಟ್ಟೆ ಮುಚ್ಚಿಟ್ಟರೆ ಅನ್ನ ಕೆಡುವುದಿಲ್ಲವೇ?

ಬನಹಟ್ಟಿಯಂಥ ನೇಕಾರರ ಊರಲ್ಲಿ ರಾತ್ರಿ ಮಗ್ಗ ನಿಲ್ಲಿಸಿ ಬರುವವರಿಗೆಂದು ಊಟ ಬಡಿಸಿ, ತಟ್ಟೆ ಮುಚ್ಚಿ, ಒಂದರ ಮೇಲೊಂದು ಪೇರಿಸಿಡುವುದುಂಟು. ಮುಚ್ಚಿದರೆ ನೊಣ, ಧೂಳು ಬೀಳುವುದಿಲ್ಲ, ನಿಜ. ಆದರೆ ಊಟ ಕೆಡುವುದಿಲ್ಲ ಎನ್ನುವುದು ತಪ್ಪು.

ಅನ್ನ ಕುದಿದರೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಉಳಿಯಬಲ್ಲವು. ಅನ್ನ ಉಗುರುಬೆಚ್ಚಗಿದ್ದಾಗ ಅವು ಮೊಳೆತು ಬೆಳೆದು ವಾಂತಿ ತರಿಸುವ ವಿಷ ಬಿಡುತ್ತವೆ. ಪೇರಿಸಿದ ತಟ್ಟೆಗಳಲ್ಲಿ ನಡುವಿನದು ನಿಧಾನವಾಗಿ ಆರುತ್ತದೆ, ಅಂದರೆ ಅಪಾಯದ ಹೊತ್ತು ಅಲ್ಲೇ ಹೆಚ್ಚು. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆ ವಿಷ ಮಾತ್ರ ಹೋಗುವುದಿಲ್ಲ. ವಾಸನೆ ನೋಡಿಯೂ ಗೊತ್ತಾಗದು.

ಖಡಕ್ ಜೋಳದ ರೊಟ್ಟಿಯನ್ನು ದಿನಗಟ್ಟಲೆ ಪೇರಿಸಿಡುತ್ತೇವಲ್ಲ ಎನ್ನಬಹುದು. ಅದರಲ್ಲಿ ನೀರಿನಂಶ ತೀರಾ ಕಡಿಮೆ. ಆ ಲೆಕ್ಕವನ್ನು ಅನ್ನ, ಬೇಳೆ, ಪಲ್ಯಕ್ಕೆ ಹಾಕಬೇಡಿ.

ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫ್ರಿಜ್ ಇದ್ದರೆ ಅನ್ನವನ್ನು ಅಗಲವಾದ ಪಾತ್ರೆಯಲ್ಲಿ ಹರವಿ, ಆರಿಸಿ, ಮುಚ್ಚಿ ಒಳಗಿಡಿ. ತಟ್ಟೆಗಳನ್ನು ಪೇರಿಸಿ ಬಿಸಿ ಮಾಡಿದರೆ ನಡುವಿನದು ತಣ್ಣಗೇ ಉಳಿಯುತ್ತದೆ. ಒಂದೊಂದಾಗಿ, ಕಲಸುತ್ತ, ಹಬೆ ಏಳುವವರೆಗೆ ಬಿಸಿ ಮಾಡಿ. ಫ್ರಿಜ್ ಇಲ್ಲದ ಮನೆಯಲ್ಲಿ ತಡವಾಗಿ ಬರುವವರಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಎತ್ತಿಡುವುದೇ ಲೇಸು.