ಹೊಸ ಮನೆ ಗೋಡೆ ಪಕ್ಕ ಒಂದೂವರೆ ಅಡಿ ಮಣ್ಣು ಬಿಡ್ರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಸುದ್ದಿಗಾಗಿ ಈ ನಾಲ್ಕು ತಾಲ್ಲೂಕು ಅಡ್ಡಾಡುವ ನಮಗೆ ಇತ್ತೀಚೆಗೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತಿದೆ. ಹಳ್ಳಿಗಳಲ್ಲಿ ಹೊಸ ಮನೆಗಳು ಏಳುತ್ತಿವೆ, ಒಳ್ಳೆಯದು. ಆದರೆ ಗೋಡೆ ಮುಗಿದ ಕೂಡಲೇ ಅಂಗಳಕ್ಕೆ, ಹಿತ್ತಲಿಗೆ, ಗಟಾರಿನ ತನಕ ಸಿಮೆಂಟು ಬೀಳುತ್ತದೆ. ಅಲ್ಲಿದ್ದ ಜವಾರಿ ಗುಲಾಬಿ ಗಿಡ ಪಾಯ ತೋಡುವ ದಿನವೇ ಹೋಗಿರುತ್ತದೆ. ಗೃಹಪ್ರವೇಶ ಮುಗಿದ ಮೇಲೆ ಮನೆಯವರು ಪ್ಲಾಸ್ಟಿಕ್ ಕುಂಡದಲ್ಲಿ ನರ್ಸರಿ ಗುಲಾಬಿ ತಂದು ಬಾಗಿಲ ಪಕ್ಕ ಇಡುತ್ತಾರೆ. ಹೂ ದೊಡ್ಡದು, ಬಣ್ಣ ಭಾರಿ. ಮೂಗಿಗೆ ಹಿಡಿದರೆ ಏನೂ ಇಲ್ಲ.

ನಮ್ಮ ಮಾತು ಇಷ್ಟು. ಮನೆ ಕಟ್ಟುವಾಗ ಗೋಡೆ ಬುಡದಲ್ಲಿ ಒಂದೂವರೆ ಅಡಿ ಚೌಕ ಜಾಗಕ್ಕೆ ಸಿಮೆಂಟು ಹಾಕಬೇಡಿ. ಅಲ್ಲಿ ಘಮ ಇರುವ, ಮೇಲೆ ಹಬ್ಬುವ ಗುಲಾಬಿ ಒಂದನ್ನು ಹಚ್ಚಿ.

ಇದು ಬರೀ ಶೋಕಿಯ ಮಾತು ಅನ್ನಿಸಬಹುದು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿದಾಗ ಮುನವಳ್ಳಿ, ರಾಮದುರ್ಗ ಕಡೆಯ ಹೊಳೆದಂಡೆಯ ಮನೆಗಳು ಏನಾದವು ಎಂಬುದು ಎಲ್ಲರಿಗೂ ಗೊತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಪರಿಹಾರದ ಲೆಕ್ಕದಲ್ಲಿ ಗೋಡೆ ಇತ್ತು, ಚಾವಣಿ ಇತ್ತು. ಹಿತ್ತಲಿಗೆ ಅದರಲ್ಲಿ ಕಾಲಂ ಇರಲಿಲ್ಲ. ಅತ್ತೆ ತವರಿನಿಂದ ತಂದು ಹಚ್ಚಿದ ಗುಲಾಬಿ, ಸೊಸೆ ಮೂವತ್ತು ವರ್ಷ ನೀರು ಹಾಕಿದ ಗುಲಾಬಿ, ಇವೆಲ್ಲ ಯಾವ ಪಂಚನಾಮೆಯಲ್ಲೂ ಬರುವುದಿಲ್ಲ. ಅಂಥ ಗಿಡಕ್ಕೆ ಹೆಸರಿಲ್ಲ, ಅದು ನರ್ಸರಿಯಲ್ಲೂ ಸಿಗುವುದಿಲ್ಲ. ಒಂದು ಓಣಿಯಲ್ಲಿ ಕೊನೆಯ ಗಿಡ ಹೋಯಿತೆಂದರೆ ಆ ಓಣಿಗೆ ಆ ಘಮ ಮುಗಿಯಿತು.

ಪೇಟೆ ಗುಲಾಬಿಗೆ ಘಮ ಯಾಕಿಲ್ಲ? ಅದನ್ನು ಮೂಗಿಗಾಗಿ ಬೆಳೆಸುವುದಿಲ್ಲ, ಲಾರಿಗಾಗಿ ಬೆಳೆಸುತ್ತಾರೆ. ಬೆಂಗಳೂರು ಸುತ್ತಿನ ಪಾಲಿಹೌಸ್ ಹೂವು ಪೆಟ್ಟಿಗೆಯಲ್ಲಿ ದಿನಗಟ್ಟಲೆ ಬಾಡದಿರಬೇಕು, ಕಾಂಡ ನೆಟ್ಟಗಿರಬೇಕು. ತಳಿ ಆರಿಸುವಾಗ ಈ ಗುಣ ಹಿಂದೆ ಬಿದ್ದವರು ಘಮವನ್ನು ದಾರಿಯಲ್ಲಿ ಬಿಟ್ಟುಬಂದರು. ಫ್ರಾನ್ಸಿನ ವಿಜ್ಞಾನಿಗಳು 2015ರಲ್ಲಿ ಘಮಘಮ ಅನ್ನುವ ‘ಪಾಪಾ ಮೆಯಾಂ’ ಗುಲಾಬಿಯನ್ನೂ ಘಮವೇ ಇಲ್ಲದ ‘ರೂಜ್ ಮೆಯಾಂ’ ಗುಲಾಬಿಯನ್ನೂ ಹೋಲಿಸಿ ನೋಡಿದರು. ಎಸಳಿನಲ್ಲಿ ಒಂದು ಎನ್‌ಜೈಮ್ ಕೆಲಸ ಮಾಡಿದರೆ ಘಮ, ಮಾಡದಿದ್ದರೆ ಇಲ್ಲ ಎಂದು ತೋರಿಸಿದರು. ಅಂದರೆ ಗೊಬ್ಬರ ಸುರಿದರೂ, ಔಷಧ ಹೊಡೆದರೂ ಗುಣ ಇಲ್ಲದ ಗಿಡಕ್ಕೆ ಘಮ ಬರುವುದಿಲ್ಲ. ಘಮ ಬೇಕಿದ್ದರೆ ಗಿಡ ಆರಿಸುವಾಗಲೇ ಆರಿಸಬೇಕು. ಹೂ ಮೂಸದೆ ಗುಲಾಬಿ ಗಿಡ ಕೊಳ್ಳಬೇಡಿ, ಅದೂ ಮುಂಜಾನೆ ಮೂಸಿ. ಬಿಸಿಲೇರಿದರೆ ಘಮದ ಎಣ್ಣೆ ಹಾರಿಹೋಗುತ್ತದೆ. ಅತ್ತರು ತೆಗೆಯುವವರು ನಸುಕಿನಲ್ಲೇ ಹೂ ಬಿಡಿಸುವುದು ಅದಕ್ಕೇ.

ಮೇಲೆ ಹಬ್ಬುವುದೇ ಯಾಕೆ ಅಂದರೆ ನಮ್ಮ ಹಿತ್ತಲುಗಳಲ್ಲಿ ಈಗ ನೆಲ ಇಲ್ಲ, ಗೋಡೆ ಇದೆ. ಪೊದೆ ಗುಲಾಬಿಗೆ ಮೂರಡಿ ಜಾಗ ಬೇಕು. ಹಬ್ಬುವ ಗುಲಾಬಿಗೆ ಕಾಲೂರಲು ಗುಣಿ ಸಾಕು, ಉಳಿದದ್ದು ಗೋಡೆ ಮೇಲೆ. ಆದರೆ ಇದು ಹೀರೆ ಬಳ್ಳಿಯಂತಲ್ಲ. ಗುಲಾಬಿಗೆ ಹಿಡಿದುಕೊಳ್ಳುವ ಕುಡಿ ಇಲ್ಲ, ಉದ್ದ ಕೋಲು ಬಿಡುತ್ತದೆ ಅಷ್ಟೆ, ಕಟ್ಟುವವರು ನಾವು. ಗೋಡೆಗೆ ಮೊಳೆ ಹೊಡೆದು ಒಂದೂವರೆ ಅಡಿಗೊಂದರಂತೆ ಅಡ್ಡ ತಂತಿ ಬಿಗಿಯಿರಿ. ಗೋಡೆಗೂ ತಂತಿಗೂ ನಡುವೆ ನಾಲ್ಕು ಬೆರಳು ಗಾಳಿ ಆಡಬೇಕು. ಕೋಲುಗಳನ್ನು ನೆಟ್ಟಗೆ ಮೇಲಕ್ಕೆ ಬಿಡಬೇಡಿ, ಎಳೆಯದಿದ್ದಾಗಲೇ ಬಗ್ಗಿಸಿ ಅಡ್ಡಡ್ಡ ಕಟ್ಟಿ. ನೆಟ್ಟಗಿನ ಕೋಲು ತುದಿಯಲ್ಲಿ ಮಾತ್ರ ಹೂ ಬಿಡುತ್ತದೆ. ಅಡ್ಡ ಮಲಗಿಸಿದ ಕೋಲಿನ ಗೆಣ್ಣುಗೆಣ್ಣಿಗೂ ಚಿಗುರು ಒಡೆದು ಮೊಗ್ಗು ಬರುತ್ತದೆ. ‘ನಮ್ಮ ಗಿಡ ಬರೇ ಎತ್ತರ ಬೆಳೀತೈತಿ, ಹೂ ಇಲ್ಲ’ ಅನ್ನುವವರು ಮೊದಲು ಇದನ್ನು ಮಾಡಿ ನೋಡಿ. ಮೊದಲ ಎರಡು ವರ್ಷ ಒಣಗಿದ್ದು ಬಿಟ್ಟರೆ ಬೇರೇನೂ ಕತ್ತರಿಸಬೇಡಿ.

ಮಣ್ಣಿನ ಮಾತು ತಾಲ್ಲೂಕಿಗೊಂದು ಬಗೆ. ಬೈಲಹೊಂಗಲದ ಎರೆ ಮಣ್ಣು ಹತ್ತಿಗೆ, ಜೋಳಕ್ಕೆ ಚೆನ್ನ. ಗುಲಾಬಿಗೆ ಮಳೆಗಾಲದಲ್ಲಿ ಅದೇ ಮಣ್ಣು ವೈರಿ, ನೀರು ನಿಂತು ಬೇರು ಕೊಳೆಯುತ್ತದೆ. ಎರಡಡಿ ಆಳ ಗುಣಿ ತೋಡಿ, ತಳಕ್ಕೆ ಇಟ್ಟಿಗೆ ಚೂರು ಹಾಕಿ, ಮಸಾರಿ ಮಣ್ಣು, ಉಸುಕು, ಹಳೆಯ ತಿಪ್ಪೆಗೊಬ್ಬರ ಕಲಸಿ ತುಂಬಿ, ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಮಾಡಿ. ಕಿತ್ತೂರು ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಎಲೆಗೆ ಕಪ್ಪು ಚುಕ್ಕಿ ರೋಗ ಬರುತ್ತದೆ, ಉದುರಿದ ಎಲೆ ಗುಡಿಸಿ ಸುಡಬೇಕು. ರಾಮದುರ್ಗ, ಸವದತ್ತಿ ಕಡೆ ಬ್ಯಾಸಿಗೆಯ ಬಿಸಿಲಿಗೆ ಪಡುವಣ ಗೋಡೆ ಕಾದ ಹಂಚಿನಂತಾಗುತ್ತದೆ, ಅಲ್ಲಿ ಹಚ್ಚಲೇಬೇಡಿ, ಮೂಡಣ ಗೋಡೆ ಮೇಲು. ಬ್ಯಾಸಿಗೆಯಲ್ಲಿ ಎಲೆಯಡಿ ಕೆಂಪು ನುಸಿ ಕೂತರೆ ಔಷಧ ತರುವ ಮೊದಲು ಮುಂಜಾನೆ ಎಲೆಯ ಕೆಳಮೈಗೆ ನೀರು ಜೋರಾಗಿ ಚಿಮುಕಿಸಿ.

ಬಚ್ಚಲ ನೀರಿನ ಬಗ್ಗೆ ನಮಗೆ ತಕರಾರಿದೆ. ಸಾಬೂನು, ಬಟ್ಟೆ ಪುಡಿಯ ನೀರು ದಿನಾ ಬುಡಕ್ಕೆ ಹೋದರೆ ನಮ್ಮ ಕಡೆಯ ಮೊದಲೇ ಸುಣ್ಣದ ಮಣ್ಣಿನಲ್ಲಿ ಎಲೆ ಹಳದಿಯಾಗುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಾಕಿ. ನೀರಿಗೆ ಬರ ಇರುವ ಊರಲ್ಲೂ ಅದಿಷ್ಟು ಇದ್ದೇ ಇರುತ್ತದೆ.

ಮೊಬೈಲಿನಲ್ಲಿ ಬರುವ ಗುಲಾಬಿ ವಿಡಿಯೋಗಳನ್ನು ನೋಡಿ, ಆದರೆ ಎಲ್ಲಿಯದು ಎಂದು ಕೇಳಿಕೊಂಡು ನೋಡಿ. ಕೆಲವು ಚಳಿ ದೇಶದವು, ಕೆಲವು ಸಮುದ್ರದಂಡೆಯ ತೋಟದವು. ಕರಾವಳಿಯ ಸಮಸ್ಯೆ ತೇವ, ಬೂಷ್ಟು, ಉಪ್ಪುಗಾಳಿ. ನಮ್ಮ ಒಣಗಾಳಿ ಗುಲಾಬಿಗೆ ಅದಕ್ಕಿಂತ ವಾಸಿ ಅನ್ನಬೇಕು. ಚಳಿ ದೇಶದ ತಳಿ ನಮ್ಮ ಸೆಕೆಗೆ ಒಗ್ಗುವುದಿಲ್ಲವೆಂದೇ ಕೊಡೈಕೆನಾಲಿನ ವೀರರಾಘವನ್ ದಂಪತಿ ಮಣಿಪುರದ ಬೆಟ್ಟಗಳ ದೈತ್ಯ ಬಳ್ಳಿ ಗುಲಾಬಿ ರೋಸಾ ಜೈಗ್ಯಾಂಟಿಯಾವನ್ನು ಕೂಡಿಸಿ ಬಿಸಿ ನಾಡಿಗೆ ಹೊಂದುವ ತಳಿಗಳನ್ನು ಮಾಡಿದರು. ಗುಲಾಬಿ ಅಂದರೆ ವಿಲಾಯಿತಿ ಹೂ ಅನ್ನುವವರಿಗೆ ಇದನ್ನು ಹೇಳಬೇಕು.

ಕರಾವಳಿಯಿಂದ ಕಲಿಯುವುದು ಬೇರೆಯದೇ ಇದೆ. ಉಡುಪಿ ಹತ್ತಿರದ ಶಂಕರಪುರದಲ್ಲಿ ಮನೆ ಹಿತ್ತಲಿನ ತುಂಡು ಜಾಗದಲ್ಲೇ ಮಲ್ಲಿಗೆ ಬೆಳೆದರು. ಅಲ್ಲಿ ಹೂವನ್ನು ಚೆಂಡು, ಅಟ್ಟೆ ಎಂಬ ಅಳತೆಯಲ್ಲಿ ಮಾರುತ್ತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಗುರುತೂ ಸಿಕ್ಕಿತು. ನೀವೂ ಗುಲಾಬಿ ಮಾರಿ ಎಂದು ನಾವು ಹೇಳುತ್ತಿಲ್ಲ. ಹಬ್ಬುವ ಗುಲಾಬಿ ಒಂದೆರಡಿದ್ದರೆ ಮಾರುವಷ್ಟು ಹೂ ಬರುವುದೂ ಇಲ್ಲ. ಅವರು ತಮ್ಮ ಹಿತ್ತಲಿನ ಹೂವಿಗೆ ಒಂದು ಹೆಸರಿಟ್ಟು ಉಳಿಸಿಕೊಂಡರು. ನಮ್ಮ ಜವಾರಿ ಗುಲಾಬಿಗೆ ಆ ಹೆಸರೂ ಇಲ್ಲ.

‘ಮನಿ ಮುಂದ ಮುಳ್ಳಿನ ಗಿಡ ಬ್ಯಾಡೋ ತಮ್ಮಾ’ ಎಂದು ಹಿರಿಯರು ಅನ್ನುತ್ತಾರೆ. ಮಕ್ಕಳು ಓಡಾಡುವ ಕಡೆ ಆ ಮಾತು ಸರಿ, ಹಾಗಾಗಿ ಹಿತ್ತಲ ಗೋಡೆಗೆ ಹಚ್ಚಿ. ಗೌಂಡಿಗಳು ಹೇಳುವುದು ಬೇರೆ, ‘ಗ್ವಾಡಿಗೆ ತಂಪು ಹಿಡೀತೈತ್ರಿ’. ಇದಕ್ಕೆ ಅರ್ಥವಿದೆ. ಗುಣಿಯನ್ನು ಗೋಡೆಯಿಂದ ಒಂದಡಿ ದೂರ ತೋಡಿ, ಇಲ್ಲವೇ ಕಾಂಪೌಂಡ್ ಗೋಡೆ ಬಳಸಿ. ಅರಳಿ, ಅತ್ತಿಯಂತೆ ಗುಲಾಬಿ ಬೇರು ಗೋಡೆ ಸೀಳುವುದಿಲ್ಲ. ‘ಹೂವಿನಿಂದ ಹೊಟ್ಟಿ ತುಂಬತೈತೇನು’ ಅನ್ನುವವರೂ ಇದ್ದಾರೆ. ಅವರ ಮನೆಯಲ್ಲೇ ಶ್ರಾವಣದ ಪ್ರತಿ ಸೋಮವಾರ, ಗುಡ್ಡದ ಯಲ್ಲಮ್ಮನ ಹುಣ್ಣಿಮೆಗಳಿಗೆ ಹೂ ಕೊಳ್ಳುವವರು ಯಾರು, ಎಷ್ಟಕ್ಕೆ ಎಂದು ಒಮ್ಮೆ ಮನೆಯ ಹೆಣ್ಣುಮಕ್ಕಳನ್ನು ಕೇಳಲಿ.

ತಳ್ಳುಗಾಡಿಯಲ್ಲಿ ಬರುವ ಗಿಡದ ಬಗ್ಗೆಯೂ ಎಚ್ಚರ. ಅವು ಬಹುತೇಕ ಕಸಿ ಗಿಡಗಳು. ಕಸಿ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಅದು ಕಾಡು ಗಿಡದ್ದು. ಹಾಗೇ ಬಿಟ್ಟರೆ ಎರಡು ವರ್ಷಕ್ಕೆ ಮೇಲಿನ ಗುಲಾಬಿ ಸತ್ತು ಅದೊಂದೇ ಉಳಿಯುತ್ತದೆ. ಅದನ್ನು ಕತ್ತರಿಸಬೇಡಿ, ಬುಡದಿಂದ ಕಿತ್ತು ತೆಗೆಯಿರಿ.

ನಮ್ಮ ಜಿಲ್ಲೆಯ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ತೋಟಗಾರಿಕಾ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಮಳೆಗಾಲ ಈ ನಾಲ್ಕು ತಾಲ್ಲೂಕಿನ ಹಳೆ ಹಿತ್ತಲು ಸುತ್ತಿ ಜವಾರಿ ಗುಲಾಬಿಗಳನ್ನು ಕೂಡಿಹಾಕಿ, ಯಾವುದು ಹಬ್ಬುತ್ತದೆ, ಯಾವುದಕ್ಕೆ ಘಮ ಹೆಚ್ಚು ಎಂದು ಬರೆದಿಟ್ಟರೆ ಚೆನ್ನ. ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಸ್ವಂತ ಬೇರಿನ ಘಮದ ಗುಲಾಬಿ ಸಸಿ ಸಿಗುವಂತಾಗಬೇಕು. ಸಾವಿರಗಟ್ಟಲೆ ಬೇಡ, ಊರಿಗೆ ಹತ್ತು ಸಾಕು.

ಅಲ್ಲಿಯವರೆಗೆ ನೀವೇ ಮಾಡಬಹುದು. ಓಣಿಯಲ್ಲಿ ಯಾರದಾದರೂ ಹಳೆ ಮನೆ ಕೆಡವುತ್ತಾರೆ ಎಂದು ಗೊತ್ತಾದರೆ ಮೂರು ತಿಂಗಳು ಮೊದಲೇ ಹೋಗಿ ಕೇಳಿ. ಗಿಡದ ಉದ್ದ ಕೋಲೊಂದನ್ನು ನೆಲಕ್ಕೆ ಬಗ್ಗಿಸಿ, ಮಣ್ಣು ಮುಟ್ಟುವ ಕಡೆ ತೊಗಟೆ ಸ್ವಲ್ಪ ಕೆರೆದು, ಹಿಡಿ ಮಣ್ಣು ಮುಚ್ಚಿ, ಮೇಲೊಂದು ಇಟ್ಟಿಗೆ ಇಡಿ. ತುದಿ ಮಣ್ಣಿನ ಹೊರಗಿರಲಿ. ಮಳೆಗಾಲವಾದರೆ ಎರಡು ಮೂರು ತಿಂಗಳಲ್ಲಿ ಬೇರು ಬರುತ್ತದೆ. ಆಗ ತಾಯಿಗಿಡದಿಂದ ಕತ್ತರಿಸಿ ತಂದು ಹಚ್ಚಿ. ಅಷ್ಟು ದಿನ ಇಲ್ಲದಿದ್ದರೆ ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಕೋಲನ್ನು ಗೇಣುದ್ದ ಕತ್ತರಿಸಿ ಉಸುಕು ಬೆರೆಸಿದ ಮಣ್ಣಿನಲ್ಲಿ ಮುಕ್ಕಾಲು ಪಾಲು ಹೂತು ನೆರಳಲ್ಲಿಡಿ. ಎಲ್ಲವೂ ಹತ್ತುವುದಿಲ್ಲ, ಅದಕ್ಕೆ ಐದಾರು ಇಡಿ. ಬದುಕಿದ್ದರಲ್ಲಿ ಒಂದನ್ನು ಆ ಮನೆಯವರಿಗೇ ಕೊಡಿ, ಅವರ ಹೊಸ ಗೋಡೆಗೂ ಒಂದು ಬೇಕಾಗುತ್ತದೆ.