ಅಡುಗೆಮನೆಗೆ ಕೈ ಹಾಕುವ ಮುಂಚೆ ಪಾಸ್‌ಬುಕ್ ಬಿಚ್ಚಿ

ಮನೆಯಲ್ಲಿ ದುಡ್ಡು ಸಾಲದೆ ಬಂದರೆ ಮೊದಲು ಕಡಿಮೆಯಾಗುವುದು ಹಾಲು. ಆಮೇಲೆ ಬೇಳೆ, ಮೊಟ್ಟೆ. ಅದೂ ಸಾಲದಿದ್ದರೆ ಅತ್ತೆಯವರ ಬಿಪಿ ಮಾತ್ರೆ ದಿನ ಬಿಟ್ಟು ದಿನ. ಕಡೆಗೆ, ಯಾರಿಗೂ ಹೇಳದೆ, ಮನೆಯ ಹೆಂಗಸಿನ ರಾತ್ರಿ ಊಟ. ಹಳೇ ದಾವಣಗೆರೆಯ ನಮ್ಮ ಓಣಿಯ ಮಹಿಳಾ ಸಂಘದ ಲೆಕ್ಕ ಬರೆಯುವವಳು ನಾನು. ಮಂಡಕ್ಕಿ ಭಟ್ಟಿಗೆ ಹೋಗುವವರು, ಮನೆಗೆಲಸದವರು, ಹೊಲಿಗೆಯವರು, ಲಗೇಜ್ ಆಟೊ ಓಡಿಸುವವರ ಹೆಂಡಂದಿರು, ಎಲ್ಲರ ಮನೆಯ ಕಷ್ಟವೂ ಒಂದಲ್ಲ ಒಂದು ದಿನ ನನ್ನ ಲೆಕ್ಕದ ಪುಸ್ತಕದ ಮುಂದೆ ಬಂದು ಕೂತಿದೆ.

ಉಳಿತಾಯದ ಬುದ್ಧಿ ಹೇಳುವವರು ಬೊಟ್ಟು ಮಾಡುವುದೆಲ್ಲ ಅಡುಗೆಮನೆಯ ಕಡೆಗೇ. ಸಂತೆಯಲ್ಲಿ ಚೌಕಾಸಿ ಮಾಡಿ, ಎಣ್ಣೆ ಕಡಿಮೆ ಹಾಕಿ, ಹೊರಗೆ ತಿನ್ನಬೇಡಿ ಅನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳು ಇದನ್ನೆಲ್ಲ ಮಾಡಿ ಮುಗಿಸಿ ವರ್ಷಗಳಾದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇಂಥವರ ತಟ್ಟೆಯಿಂದ ಇನ್ನೂ ಒಂದು ತುತ್ತು ತೆಗೆಯಿರಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಕತ್ತರಿ ಹಾಕಬೇಕಾದ ಜಾಗ ಬೇರೆ ಇದೆ. ನಮ್ಮನ್ನು ಕೇಳದೆ, ನಮ್ಮ ಕೈಗೆ ಬಾರದೆ, ಖಾತೆಯಿಂದ ತಾನಾಗಿಯೇ ಕಡಿತವಾಗುವ ದುಡ್ಡಿನ ಕಡೆ ಯಾರೂ ಕಣ್ಣು ಹಾಯಿಸುತ್ತಿಲ್ಲ.

ಅದಕ್ಕೇ ಸಂಘದಲ್ಲಿ ನಾನು ಹಿಡಿದ ಹಟ ಇದು: ಖರ್ಚು ಹೆಚ್ಚಾಯಿತು ಅನ್ನುವವರು ಮೊದಲು ಮನೆಯಲ್ಲಿರುವ ಎಲ್ಲಾ ಪಾಸ್‌ಬುಕ್‌ಗಳಿಗೂ ಎಂಟ್ರಿ ಹಾಕಿಸಿಕೊಂಡು ಬರಬೇಕು. ಒಂದೊಂದು ಮನೆಯಲ್ಲಿ ನಾಲ್ಕೈದು ಖಾತೆ ಸಿಗುತ್ತವೆ. ಗೃಹಲಕ್ಷ್ಮಿಯ ದುಡ್ಡಿಗೆ ಒಂದು, ಮಗನ ಸ್ಕಾಲರ್‌ಶಿಪ್‌ಗೆ ಒಂದು, ಯಾವುದೋ ಕಾಲದಲ್ಲಿ ಗಂಡ ಕೆಲಸಕ್ಕಿದ್ದ ಕಡೆ ಸಂಬಳಕ್ಕೆಂದು ಮಾಡಿಸಿದ್ದು ಇನ್ನೊಂದು. ಸಂಬಳ ನಿಂತ ಮೇಲೆ ಆ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗಿ, ಕೆಲವು ಬ್ಯಾಂಕುಗಳಲ್ಲಿ ಕನಿಷ್ಠ ಬಾಕಿ ಇಲ್ಲವೆಂದು ದಂಡ ಬೀಳತೊಡಗಿರುತ್ತದೆ. ಬಳಸದೇ ಇರುವ ಎಟಿಎಂ ಕಾರ್ಡಿಗೆ ವರ್ಷದ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಎಸ್‌ಎಂಎಸ್‌ಗೆ ಬೇರೆ ಶುಲ್ಕ. ರಿಸರ್ವ್ ಬ್ಯಾಂಕ್ 2012ರಲ್ಲೇ ಎಲ್ಲಾ ಬ್ಯಾಂಕುಗಳೂ ಮೂಲ ಉಳಿತಾಯ ಖಾತೆ ಕೊಡಬೇಕೆಂದು ಹೇಳಿದೆ. ಅದಕ್ಕೆ ಕನಿಷ್ಠ ಬಾಕಿ ಬೇಕಿಲ್ಲ, ಕಾರ್ಡಿಗೆ ವರ್ಷದ ಶುಲ್ಕವಿಲ್ಲ, ತಿಂಗಳಿಗೆ ನಾಲ್ಕು ಸಲ ಪುಕ್ಕಟೆ ದುಡ್ಡು ತೆಗೆಯಬಹುದು. ಜನಧನ ಖಾತೆಯೂ ಇದೇ ಬಗೆಯದು. ಈಗಿರುವ ಸಾಮಾನ್ಯ ಖಾತೆಯನ್ನು ಹೀಗೆ ಬದಲಿಸಿಕೊಡಿ ಅಂತ ಅರ್ಜಿ ಬರೆದುಕೊಡಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ. ಬೇಡದ ಖಾತೆ ಮುಚ್ಚಿಸುವುದಕ್ಕೆ ಒಂದು ಬೆಳಗಿನ ಕೂಲಿ ಹೋಗಬಹುದು, ಹೋಗಲಿ.

ಮೇ ತಿಂಗಳ ಕೊನೆಯ ವಾರದ ಎಂಟ್ರಿಯನ್ನಂತೂ ಬೆರಳಿಟ್ಟು ಓದಿ. ಜೀವನ ಜ್ಯೋತಿ ವಿಮೆಗೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ ಆಗ ಕಡಿತವಾಗುತ್ತದೆ. ಮೊದಲನೆಯದು ಯಾವ ಕಾರಣಕ್ಕೆ ಸಾವಾದರೂ, ಎರಡನೆಯದು ಅಪಘಾತದಲ್ಲಿ ಸಾವಾದರೆ ಮನೆಯವರಿಗೆ ಎರಡು ಲಕ್ಷ ಕೊಡುವಂಥದ್ದು. ಇವನ್ನು ನಿಲ್ಲಿಸಿ ಅಂತ ನಾನು ಎಂದೂ ಹೇಳಲಾರೆ, ಬಡವರ ಮನೆಯಲ್ಲಿ ಇರಲೇಬೇಕಾದ ವಿಮೆಗಳಿವು. ಆದರೆ ಒಬ್ಬರಿಗೆ ಒಂದೇ ಖಾತೆಯಿಂದ ಸಾಕು. ಎರಡು ಬ್ಯಾಂಕುಗಳಲ್ಲಿ ಎರಡು ಸಲ ಕಡಿತವಾದರೂ ಪರಿಹಾರ ಸಿಗುವುದು ಒಂದೇ ಸಲ. ಎರಡನೆಯ ಕಂತು ಹೋದಂತೆಯೇ. ನಮ್ಮಲ್ಲಿ ಗಂಡ ಹೆಂಡತಿ ಇಬ್ಬರದ್ದೂ ಎರಡೆರಡು ಕಡೆ ಕಡಿತವಾಗುತ್ತಿದ್ದ ಮನೆಗಳು ಸಿಕ್ಕವು. ಅಂಥ ಮನೆಯಿಂದ ವರ್ಷಕ್ಕೆ 912 ರೂಪಾಯಿ ಸುಮ್ಮನೆ ಹೋಗುತ್ತಿತ್ತು. ಹಾಗೆಯೇ ಆ ವಾರ ಖಾತೆಯಲ್ಲಿ ದುಡ್ಡಿಲ್ಲದೆ ವಿಮೆಯೇ ನಿಂತುಹೋದ ಮನೆಗಳೂ ಸಿಕ್ಕವು. ಎರಡನ್ನೂ ಪಾಸ್‌ಬುಕ್ ಮಾತ್ರ ಹೇಳಬಲ್ಲದು.

ಕಂತಿನ ದಿನಾಂಕವೂ ದುಡ್ಡು ತಿನ್ನುತ್ತದೆ. ಮೊಬೈಲಿಗೋ ಟಿವಿಗೋ ಸಾಲ ಮಾಡಿರುತ್ತಾರೆ, ಕಂತು 5ನೇ ತಾರೀಕು, ಪಗಾರ 10ಕ್ಕೆ. ಪ್ರತಿ ಸಲ ಕಂತು ವಾಪಸಾದಾಗ ಬ್ಯಾಂಕಿನದ್ದೊಂದು ದಂಡ, ಸಾಲ ಕೊಟ್ಟವರದ್ದೊಂದು. ದುಡಿಮೆಯಲ್ಲಿ ಕೊರತೆಯಿಲ್ಲ, ಬಂದಿದ್ದು ಐದು ದಿನ ತಡ, ಅಷ್ಟೇ. ದಿನಾಂಕ ಬದಲಿಸಿಕೊಡಿ ಎಂದು ಕೇಳಬೇಕು. ಕೇಳಿದವರಲ್ಲಿ ಕೆಲವರಿಗೆ ಕೊಟ್ಟಿದ್ದಾರೆ.

ಇನ್ನು ಫೋನು. 28 ದಿನದ ರೀಚಾರ್ಜ್ ತಿಂಗಳಿಗೊಂದು ಅನ್ನಿಸಿದರೂ ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು. ಮನೆಯಲ್ಲಿ ಮೂರು ಫೋನಿದ್ದರೆ ಮೂರು ರೀಚಾರ್ಜ್ ಹೆಚ್ಚಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2022ರಲ್ಲೇ ಪ್ರತಿ ಕಂಪನಿಯೂ 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವಂಥದ್ದೊಂದು ಪ್ಯಾಕ್ ಇಡಬೇಕೆಂದು ಆದೇಶ ಮಾಡಿದೆ. ದರ ನೋಡಿ ದಿನಕ್ಕೆ ಎಷ್ಟು ಬೀಳುತ್ತದೆಂದು ಭಾಗಿಸಿ ತೆಗೆದುಕೊಳ್ಳಿ. ಇದಕ್ಕಿಂತ ನನಗೆ ಸಂಕಟವಾಗುವುದು ವಯಸ್ಸಾದವರ ಫೋನು ನೋಡಿದಾಗ. ಕೀಪ್ಯಾಡ್ ಫೋನಿನಲ್ಲಿ ಮಗಳ ಹತ್ತಿರ ಮಾತಾಡುವುದು ಬಿಟ್ಟರೆ ಬೇರೇನೂ ಮಾಡದ ಅಜ್ಜಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಹಾಕಿಸಿರುತ್ತಾರೆ. ಬರೀ ಮಾತು ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಂಗಡಿಯವರು ತಾವಾಗಿ ಅದನ್ನು ಹೇಳುವುದು ಕಡಿಮೆ. ನಾವೇ ಬಾಯಿಬಿಟ್ಟು ಕೇಳಬೇಕು.

ಕರೆಂಟಿನ ವಿಷಯಕ್ಕೆ ಒಂದೇ ಮಾತು. ಗೃಹಜ್ಯೋತಿ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಪುಕ್ಕಟೆ ಸಿಗುವುದು 2022–23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಮಾತ್ರ ಸೇರಿಸಿದಷ್ಟು. ಅದನ್ನು ಮೀರಿದರೆ ಮೀರಿದ್ದಕ್ಕೆ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 190ರ ಆಸುಪಾಸಿನಲ್ಲಿರುವ ಮನೆಯಲ್ಲಿ ಎರಡು ಸಾವಿರ ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಹೆಚ್ಚಿಗೆ ಉರಿದರೆ ತಿಂಗಳಿಗೆ 30 ಯೂನಿಟ್ ಏರುತ್ತದೆ. ಲೈಟು ಆರಿಸುತ್ತಾ ಓಡಾಡುವುದಕ್ಕಿಂತ ಆ ಒಂದು ಸ್ವಿಚ್ಚಿನ ಮೇಲೆ ಕಣ್ಣಿಟ್ಟರೆ ಲಾಭ ಹೆಚ್ಚು. ಮಾತ್ರೆಯ ಖರ್ಚಿಗೂ ದಾರಿಯಿದೆ. ಬಿಪಿ, ಶುಗರ್ ಮಾತ್ರೆಗಳನ್ನು ಔಷಧದ ಮೂಲ ಹೆಸರಿನಲ್ಲೇ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಮಾತ್ರೆ ಬಿಡುವುದು ಮಾತ್ರ ಉಳಿತಾಯವಲ್ಲ.

ಇವೆಲ್ಲ ಸೇರಿ ಉಳಿಸುವುದಕ್ಕಿಂತ ಹೆಚ್ಚನ್ನು ಬಡ್ಡಿಯೊಂದೇ ನುಂಗುತ್ತದೆ. ನೂರಕ್ಕೆ ಐದು ಎಂದರೆ ಕೇಳುವುದಕ್ಕೆ ಸಣ್ಣದು. ಅದು ತಿಂಗಳ ಲೆಕ್ಕ, ವರ್ಷಕ್ಕೆ ಅರವತ್ತು. ಇಪ್ಪತ್ತು ಸಾವಿರ ಕೈಸಾಲಕ್ಕೆ ತಿಂಗಳಿಗೆ ಸಾವಿರದಂತೆ ವರ್ಷದಲ್ಲಿ ಹನ್ನೆರಡು ಸಾವಿರ ಕೊಟ್ಟ ಮೇಲೂ ಅಸಲು ಹಾಗೇ ಇರುತ್ತದೆ. ಹೀಗೆ ಬಡ್ಡಿ ಕಟ್ಟುತ್ತಿರುವ ಮನೆಯ ಟ್ರಂಕಿನಲ್ಲೇ ಎರಡೆಳೆ ಬಂಗಾರದ ಸರ ಇರುತ್ತದೆ. ಒಡವೆ ಅಡ ಇಟ್ಟರೆ ಮರ್ಯಾದೆ ಹೋಗುತ್ತದೆಂಬ ಅಂಜಿಕೆ. ಬ್ಯಾಂಕಿನಲ್ಲಿ ಬಂಗಾರದ ಸಾಲಕ್ಕೆ ವರ್ಷಕ್ಕೆ ಶೇ 10ರ ಆಸುಪಾಸು ಹಿಡಿದರೂ ಅದೇ ಇಪ್ಪತ್ತು ಸಾವಿರಕ್ಕೆ ಎರಡು ಸಾವಿರ. ಸಂಘದ ಅಕ್ಕತಂಗಿಯರಿಗೆ ನಾನು ಹೇಳುವುದು ಇಷ್ಟೇ: ಮರ್ಯಾದೆಯ ಮಾತು ಆಮೇಲೆ ಆಡೋಣ, ಮೊದಲು ಕೈಸಾಲ ತೀರಿಸಿ.

ಮನೆ ಬಾಗಿಲಿಗೆ ಬಂದು ಕೊಡುವ ಸಾಲದಲ್ಲಿ ಇನ್ನೊಂದು ಲೆಕ್ಕವಿದೆ. ಹತ್ತು ಸಾವಿರಕ್ಕೆ ವರ್ಷಕ್ಕೆ ಶೇ 12 ಫ್ಲ್ಯಾಟ್ ಅನ್ನುತ್ತಾರೆ. 1,200 ಬಡ್ಡಿ ಸೇರಿಸಿ ಹನ್ನೆರಡು ಕಂತು ಮಾಡುತ್ತಾರೆ. ತಿಂಗಳು ತಿಂಗಳು ಅಸಲು ಕರಗುತ್ತಿದ್ದರೂ ಬಡ್ಡಿ ಪೂರ್ತಿ ಹತ್ತು ಸಾವಿರಕ್ಕೇ. ನಿಜವಾಗಿ ಬೀಳುವ ದರ ಶೇ 21ಕ್ಕೂ ಮೇಲೆ. ಇದರ ಮೇಲೆ ಪ್ರೊಸೆಸಿಂಗ್ ಶುಲ್ಕ, ವಿಮೆ ಎಂದು ಕೈಗೆ ಬರುವ ಮುಂಚೆಯೇ ಒಂದಷ್ಟು ಹಿಡಿದುಕೊಂಡರೆ ದರ ಇನ್ನೂ ಏರುತ್ತದೆ.

ಈ ನಿಜವಾದ ದರವನ್ನು ಸಾಲಗಾರರಿಗೆ ಮೊದಲೇ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2024ರ ಅಕ್ಟೋಬರಿನಿಂದ ಇಂಥ ಹೊಸ ಕಂತಿನ ಸಾಲಗಳಿಗೆಲ್ಲ ಮುಖ್ಯ ಮಾಹಿತಿಯ ಹಾಳೆ ಕೊಡಬೇಕು, ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಿ ವಿವರಿಸಬೇಕು. ನಮ್ಮ ಓಣಿಯಲ್ಲಿ ನನ್ನ ಮುಂದೆ ಬಂದ ಹಾಳೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು, ಕೆಳಗೆ ಹೆಬ್ಬೆಟ್ಟಿನ ಗುರುತು ಇತ್ತು. ಜಿಲ್ಲೆಯ ಲೀಡ್ ಬ್ಯಾಂಕಿನವರು, ಸಂಘಗಳ ಮೇಲ್ವಿಚಾರಕರು, ಸಾಲ ಕೊಡುವವರು ಈ ಒಂದು ನಿಯಮವನ್ನು ಓಣಿಗಳಲ್ಲಿ ಜಾರಿಗೆ ತಂದರೆ ನೂರು ಉಳಿತಾಯದ ಭಾಷಣ ಬೇಕಾಗುವುದಿಲ್ಲ. ಅಲ್ಲಿಯವರೆಗೆ ನಮ್ಮ ಸಂಘದಲ್ಲಿ ಕನ್ನಡದ ಹಾಳೆ ಕೈಗೆ ಬರದೆ ಯಾರೂ ಸಹಿ ಹಾಕಬಾರದೆಂದು ಗೊತ್ತುವಳಿ ಮಾಡಿದ್ದೇವೆ. ಬೇರೆ ಓಣಿಯ ಸಂಘದವರೂ ಹಾಗೆ ಮಾಡಬೇಕೆಂಬುದು ನನ್ನ ಬೇಡಿಕೆ.