ಕೃಪೆ ತಪ್ಪಿದವರು, ನಡತೆ ತಪ್ಪಿದವರು

ಆಂಗ್ಲ ನುಡಿಗಟ್ಟುಗಳನ್ನು ಕಲಿಸುವಾಗ ಉಪಾಧ್ಯಾಯರಾದ ನಾವು ಮಾಡುವ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕೆನಿಸುತ್ತದೆ. ‘ಫಾಲ್ ಔಟ್ ಆಫ್ ಫೇವರ್’, ‘ಫಾಲ್ ಫ್ರಮ್ ಗ್ರೇಸ್’ ಇವೆರಡಕ್ಕೂ ‘ಜನಪ್ರಿಯತೆಯನ್ನು ಕಳೆದುಕೊಳ್ಳು’ ಎಂಬ ಒಂದೇ ಅರ್ಥವನ್ನು ಬರೆಯಿಸಿ ಮುಂದೆ ಸಾಗುತ್ತೇವೆ. ನಾನೂ ಬಹುಕಾಲ ಹಾಗೆಯೇ ಬರೆಯಿಸಿದೆನು. ಒಮ್ಮೆ ಒಬ್ಬ ವಿದ್ಯಾರ್ಥಿಯು 1945ರಲ್ಲಿ ಚರ್ಚಿಲ್ ‘ಫೆಲ್ ಫ್ರಮ್ ಗ್ರೇಸ್’ ಎಂದು ಉತ್ತರಪತ್ರಿಕೆಯಲ್ಲಿ ಬರೆದಿದ್ದನು. ಪೂರ್ಣ ಅಂಕ ಕೊಟ್ಟೆನು. ಮನೆಗೆ ಬಂದ ಮೇಲೆ ಆ ವಾಕ್ಯವು ಕಾಡತೊಡಗಿತು: ಆ ಚುನಾವಣೆಯಲ್ಲಿ ಆತನು ಮಾಡಿದ ಪಾಪವಾದರೂ ಏನು?

ಗೊಂದಲದ ಮೂಲ ನಮ್ಮ ಅನುವಾದದಲ್ಲಿದೆ. ‘ಗ್ರೇಸ್’, ‘ಫೇವರ್’ ಎರಡನ್ನೂ ನಾವು ‘ಕೃಪೆ’ ಎನ್ನುತ್ತೇವೆ. ಆದರೆ ಮೊದಲನೆಯದು ದೇವರ ಕೃಪೆ. ಆ ನುಡಿಗಟ್ಟು 1611ರ ಆಂಗ್ಲ ಬೈಬಲಿನಲ್ಲಿ, ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಬರುತ್ತದೆ. ಆದುದರಿಂದ ಅದರಲ್ಲಿ ದೋಷದ ನೆರಳು ಇದ್ದೇ ಇದೆ. 1972ರಲ್ಲಿ ಐವತ್ತು ರಾಜ್ಯಗಳ ಪೈಕಿ ನಲವತ್ತೊಂಬತ್ತನ್ನು ಗೆದ್ದು, ವಾಟರ್‌ಗೇಟ್ ಹಗರಣದಿಂದಾಗಿ 1974ರ ಆಗಸ್ಟಿನಲ್ಲಿ ರಾಜೀನಾಮೆಯಿತ್ತ ನಿಕ್ಸನ್ನನಿಗೆ ಈ ಮಾತು ಸಲ್ಲುತ್ತದೆ.

ಎರಡನೆಯದು ಆಸ್ಥಾನದ ಮಾತು. ಕೊಡುವವನು ದೊರೆ, ಕಿತ್ತುಕೊಳ್ಳುವವನೂ ದೊರೆಯೇ. ಎಂಟನೆಯ ಹೆನ್ರಿಯ ಮಂತ್ರಿ ಕಾರ್ಡಿನಲ್ ವುಲ್ಸಿಯನ್ನು ನೋಡಿರಿ. ದೊರೆಯು ರಾಣಿ ಕ್ಯಾಥರೀನಳೊಡನೆ ಆದ ವಿವಾಹವನ್ನು ರದ್ದುಗೊಳಿಸಲು ಬಯಸಿದನು. ಪೋಪನ ಒಪ್ಪಿಗೆ ದೊರೆಯಲಿಲ್ಲ. ರಾಣಿಯ ಸೋದರಳಿಯನಾದ ಚಕ್ರವರ್ತಿ ಐದನೆಯ ಚಾರ್ಲ್ಸನ ಭಯ ಪೋಪನಿಗಿತ್ತು. ಇದರಲ್ಲಿ ವುಲ್ಸಿಯ ಕೈಯಲ್ಲಿದ್ದುದೇನು? ಆದರೂ 1529ರಲ್ಲಿ ಪದವಿ ಹೋಯಿತು. ಮರುವರ್ಷ ರಾಜದ್ರೋಹದ ಆಪಾದನೆಯ ಮೇಲೆ ಸೆರೆಯಾಗಿ, ಲಂಡನ್ನಿಗೆ ಸಾಗುವ ದಾರಿಯಲ್ಲಿ ಲೆಸ್ಟರಿನಲ್ಲಿ ತೀರಿಕೊಂಡನು. ‘ದೊರೆಯ ಅವಕೃಪೆಗೆ ಪಾತ್ರನಾದನು’ ಎಂಬ ನಮ್ಮ ಹಳೆಯ ಮಾತು ಇಲ್ಲಿ ಎಷ್ಟು ನಿಖರವಾಗಿ ಕೂರುತ್ತದೆ! ಯಾರ ಕೃಪೆ ಎಂಬುದನ್ನೂ ಅದು ಹೇಳುತ್ತದೆ. ಆಂಗ್ಲದಲ್ಲಿ ಆ ಕೆಲಸವನ್ನು ‘ವಿತ್’ ಎಂಬ ಪದವು ಮಾಡುತ್ತದೆ. ಮಕ್ಕಳು ಅದನ್ನೇ ಬಿಟ್ಟುಬಿಡುತ್ತಾರೆ.

ಇಂದು ದೊರೆಯ ಸ್ಥಾನದಲ್ಲಿ ಜನರಿದ್ದಾರೆ. ಯುರೋಪಿನ ಯುದ್ಧ ಮುಗಿದು ಮೂರು ತಿಂಗಳು ತುಂಬುವ ಮೊದಲೇ, 1945ರ ಜುಲೈ 26ರಂದು ಪ್ರಕಟವಾದ ಫಲಿತಾಂಶದಲ್ಲಿ, ಆಟ್ಲಿಯವರ ಲೇಬರ್ ಪಕ್ಷವು 640ರಲ್ಲಿ 393 ಸ್ಥಾನಗಳನ್ನು ಗಳಿಸಿತು. ಭಾರತದ ಸ್ವಾತಂತ್ರ್ಯಕ್ಕೆ ಅಡ್ಡನಿಂತ ಚರ್ಚಿಲ್ಲನ ಮೇಲೆ ನಮಗೆ ಮಮತೆ ಇರಬೇಕಾಗಿಲ್ಲ. ಆದರೆ ಮತದಾರರಿಗೆ ಬೇಕಾಗಿದ್ದುದು ಮನೆ, ಉದ್ಯೋಗ, ಆರೋಗ್ಯಸೇವೆ. ಅದಕ್ಕೆ ಬೇರೆಯವರನ್ನು ಆರಿಸಿದರು. 1951ರಲ್ಲಿ ಆತನನ್ನೇ ಮರಳಿ ಪ್ರಧಾನಿಯಾಗಿಸಿದರು. ಸೋತವನನ್ನೆಲ್ಲ ಪತಿತನೆಂದು ಕರೆಯುವ ಅಭ್ಯಾಸವನ್ನು ಮಕ್ಕಳಿಗೆ ನಾವೇ ಕಲಿಸುವುದು ಸರಿಯಲ್ಲ.

ವಿಧಾನಗಳಿಗೂ ‘ಔಟ್ ಆಫ್ ಫೇವರ್’ ಸಲ್ಲುತ್ತದೆ. ನಾವು ಕಲಿತ ವ್ಯಾಕರಣ-ಭಾಷಾಂತರ ಪದ್ಧತಿಯೂ ಹಾಗೆ ಹಿಂದೆ ಸರಿಯಿತು; ಅದರಿಂದ ಕಲಿತವರು ಕೆಟ್ಟರೆಂದು ಯಾರೂ ಹೇಳಲಾರರು!

ಮರುದಿನ ಎರಡು ನುಡಿಗಟ್ಟುಗಳನ್ನೂ ಕಪ್ಪುಹಲಗೆಯ ಮೇಲೆ ಬೇರೆ ಬೇರೆಯಾಗಿ ಬರೆದೆನು. ಹುಡುಗನ ಅಂಕವನ್ನು ಮಾತ್ರ ಕಳೆಯಲಿಲ್ಲ. ಹಾಗೆ ಬರೆಯಿಸಿದವನು ನಾನೇ ಅಲ್ಲವೇ?